ಮೊದಲ ಬೆಂಚಿನ ಹೇವೊನ್ ಅಕ್ಕ

ಮಾರ್ಚ್ 2, ಗುರುವಾರ

ಕಾಲೇಜಿನ ಮೊದಲ ದಿನವೇ ಏಳು ಸಂಘಗಳಲ್ಲಿ ಹೆಸರು ಬರೆಸಿ ಬಂದೆ. ಬೆಟ್ಟ ಹತ್ತುವವರು, ಡೋಲು ಬಾರಿಸುವವರು, ನಕ್ಷತ್ರ ನೋಡುವವರು, ಕಾಲೇಜು ರೇಡಿಯೊದವರು, ಹಳೆಯ ಸಿನಿಮಾದವರು, ಬ್ಯಾಡ್ಮಿಂಟನ್‌ನವರು. ಏಳನೆಯದು ಯಾವುದೆಂದು ಎಷ್ಟು ಯೋಚಿಸಿದರೂ ಈಗ ಹೊಳೆಯುತ್ತಿಲ್ಲ. ಆ ಮೇಜಿನ ಹಿಂದೆ ನಿಂತಿದ್ದ ಹುಡುಗಿ ಬಿಸಿ ಬಾರ್ಲಿ ಚಹಾ ಕೊಟ್ಟಳು ಎಂಬುದಷ್ಟೇ ನೆನಪು. ಚುಂಚೊನ್‌ನಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಸರೋವರದ ಕಡೆಯಿಂದ ಬೀಸುವ ಗಾಳಿಗೆ ಮೇಜುಗಳ ಮೇಲಿನ ಅರ್ಜಿಗಳೆಲ್ಲ ಹಾರಿ ಹೋಗುತ್ತಿದ್ದವು. ಅವನ್ನು ಹಿಡಿಯಲು ಓಡಿ ಓಡಿಯೇ ನನಗೆ ಅರ್ಧ ಕಾಲೇಜಿನ ಪರಿಚಯವಾಯಿತು.

ಇಲ್ಲಿ ನಿಜ ಬರೆಯಬೇಕು, ಬೇರೆಲ್ಲೂ ಹೇಳುವ ಹಾಗಿಲ್ಲ. ನಾನು ಈ ಊರಿನಲ್ಲಿರುವುದು ಜುಲೈವರೆಗೆ ಮಾತ್ರ. ಒಂದು ಸೆಮಿಸ್ಟರ್ ಮುಗಿಸಿ, ರಜೆ ಹಾಕಿ, ನವೆಂಬರ್‌ನಲ್ಲಿ ಪ್ರವೇಶ ಪರೀಕ್ಷೆಯನ್ನು ಮತ್ತೊಮ್ಮೆ ಬರೆದು ಸಿಯೋಲ್‌ಗೆ ಹೋಗುವವಳು ನಾನು. ಅಮ್ಮನಿಗೆ ಇದು ಗೊತ್ತಿಲ್ಲ. ಗೊತ್ತಿರುವುದು ಚೇರಿನ್‌ಗೆ ಮಾತ್ರ. ಹೈಸ್ಕೂಲಿನ ಮೂರು ವರ್ಷವೂ ನನ್ನ ಪಕ್ಕದಲ್ಲೇ ಕೂತಿದ್ದವಳು ಈಗ ಸಿಯೋಲ್‌ನ ಕಾಲೇಜಿನಲ್ಲಿದ್ದಾಳೆ, ದಿನಕ್ಕೆ ಇಪ್ಪತ್ತು ಫೋಟೊ ಕಳಿಸುತ್ತಾಳೆ. ಇರುವ ನಾಲ್ಕು ತಿಂಗಳಲ್ಲಿ ಇಲ್ಲಿ ಏನೇನಿದೆಯೋ ಅದನ್ನೆಲ್ಲ ಮಾಡಿ ಮುಗಿಸಿಬಿಡಬೇಕೆಂದು ನನಗೆ ಅವಸರ.

ಹಾಸ್ಟೆಲಿನಲ್ಲಿ 312ನೇ ಕೋಣೆ. ಜೊತೆಗಿರುವವರು ಹೇವೊನ್ ಅಕ್ಕ. ನನ್ನ ಹಾಗೆಯೇ ಇತಿಹಾಸ ವಿಭಾಗ, ಮೊದಲ ವರ್ಷ. ವಯಸ್ಸಿನಲ್ಲಿ ಮೂರು ವರ್ಷ ದೊಡ್ಡವರು. ವೊನ್ಜುವಿನ ಒಂದು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದರಂತೆ. ತೋಳು ನೋಡಿದರೆ ನಂಬಬೇಕು. ನಾನು ಚಿಕ್ಕವಳು, ‘ನೀನು’ ಅನ್ನಿ ಎಂದೆ. ತಲೆಯಾಡಿಸಿದರು. ಆಮೇಲೆ, ಕಿಟಕಿಯ ಪಕ್ಕದ ಮಂಚ ನೀವೇ ತಗೊಳ್ಳಿ, ಎಂದರು.

ಮಾರ್ಚ್ 6, ಸೋಮವಾರ

ಪ್ರೊಫೆಸರ್ ಮೆಂಗ್ ಅವರ ಮೊದಲ ತರಗತಿ. ‘ಇತಿಹಾಸ ಬರೆಯುವ ಬಗೆ’ ಎಂಬ ವಿಷಯ, ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ಎರಡಕ್ಕೆ. ಮುಂದಿನ ವರ್ಷ ನಿವೃತ್ತರಾಗುವವರು, ನಮಗಿಂತ ಕರಿಹಲಗೆಯ ಜೊತೆಗೇ ಅವರಿಗೆ ಸಲುಗೆ ಹೆಚ್ಚು. ಅದಕ್ಕೆ ಮುಖ ಮಾಡಿಕೊಂಡು ಗೊಣಗುತ್ತಾರೆ. ನಾನು ಕೊನೆಯ ಸಾಲಿನಲ್ಲಿ ಒಳ್ಳೆಯ ಜಾಗ ಹಿಡಿದು ಹೇವೊನ್ ಅಕ್ಕನನ್ನು ಕರೆದೆ. ಮೂರು ಸಲ ಕರೆದೆ. ತಿರುಗಿಯೂ ನೋಡದೆ ನೇರ ಹೋಗಿ ಮೊದಲ ಬೆಂಚಿನಲ್ಲಿ, ಪ್ರೊಫೆಸರರ ಮೂಗಿನ ಕೆಳಗೇ ಕೂತರು. ಇಡೀ ತರಗತಿ ನನ್ನನ್ನು ನೋಡಿತು. ಹಾಜರಿ ಆದ ಮೇಲೆ ನಾನು ಹಿಂದಿನ ಬಾಗಿಲಿನಿಂದ ಜಾರಿಕೊಂಡು ಡೋಲಿನ ಸಂಘಕ್ಕೆ ಹೋದೆ.

ಡೋಲು ಎಂದರೆ ಡೋಲು. ನಾನು ಹುಟ್ಟಿದ್ದೇ ಇದಕ್ಕೆ ಎಂದು ಅನಿಸಿತು.

ಮಾರ್ಚ್ 9, ಗುರುವಾರ

ಡೋಲು ಬಿಟ್ಟೆ. ಹೆಗಲು ಎತ್ತಲಾಗುತ್ತಿಲ್ಲ. ರೇಡಿಯೊ ಕೋಣೆ ನೋಡಿ ಬಂದೆ. ನಾನು ಹುಟ್ಟಿದ್ದು ಬಹುಶಃ ಅದಕ್ಕೆ.

ಸಂಜೆ ಕೋಣೆಗೆ ಬಂದವಳೇ ಇದನ್ನೆಲ್ಲ ಹೇವೊನ್ ಅಕ್ಕನಿಗೆ ಹೇಳಿದೆ. ರೇಡಿಯೊದ ಅಣ್ಣ ಮೈಕಿನ ಮುಂದೆ ಸೀನಿದ್ದು, ಅದು ಊಟದ ಮನೆಯ ತನಕ ಕೇಳಿದ್ದು, ಅಡುಗೆಯ ಅಜ್ಜಿ ಸೌಟು ಬೀಳಿಸಿದ್ದು. ನನಗೆ ಬೆನ್ನು ಮಾಡಿಕೊಂಡು ಬಟ್ಟೆ ಮಡಿಸುತ್ತಿದ್ದರು. ಒಂದು ‘ಹ್ಞೂಂ’ ಕೂಡ ಇಲ್ಲ. ಆಮೇಲೆ ಗೊತ್ತಾಯಿತು, ಮೇಜಿನ ಮೇಲೆ ಚಿಕ್ಕ ಬಿಳಿ ಡಬ್ಬಿ ಇತ್ತು, ಕಿವಿಯಲ್ಲಿ ಇಟ್ಟುಕೊಂಡು ಹಾಡು ಕೇಳುವುದು ಇರುತ್ತದಲ್ಲ, ಅಂಥದ್ದರದು. ನಾನು ಮಾತಾಡುತ್ತಿರುವಾಗ ಅವರು ಹಾಡು ಕೇಳುತ್ತಿದ್ದಾರೆ. ಇನ್ನು ಇವರ ಹತ್ತಿರ ಮಾತೇ ಬೇಡ ಎಂದು ನಿಶ್ಚಯ ಮಾಡಿದೆ. ಹನ್ನೊಂದು ನಿಮಿಷ ತಡೆದುಕೊಂಡೆ.

ಮಾರ್ಚ್ 14, ಮಂಗಳವಾರ

ನಕ್ಷತ್ರದವರ ಬಳಿ ಇರುವುದು ಒಂದೇ ದುರ್ಬೀನು, ಅದರ ಮುಂದೆ ಮೂವತ್ತು ಜನ. ಬಿಟ್ಟೆ. ಹಳೆಯ ಸಿನಿಮಾದಲ್ಲಿ ನಿದ್ದೆ ಬಂತು. ಬ್ಯಾಡ್ಮಿಂಟನ್ ಪರವಾಗಿಲ್ಲ. ಏಳನೆಯದು ಚದುರಂಗವಂತೆ.

ಅಮ್ಮ ಫೋನ್ ಮಾಡಿದ್ದಳು. ಯೊಂಗ್ಜು ಪೇಟೆಯಲ್ಲಿ ಅವಳದು ಪಲ್ಯ-ಉಪ್ಪಿನಕಾಯಿಗಳ ಅಂಗಡಿ. ಒಂದು ಕಡೆ ಗಿರಾಕಿಗೆ ಮೂಲಂಗಿ ಕಟ್ಟಿಕೊಡುತ್ತ ಇನ್ನೊಂದು ಕಡೆ ನನ್ನ ಜೊತೆ ಮಾತಾಡುತ್ತಾಳೆ. ಊಟ ಆಯಿತೇ ಎಂದು ಕೇಳಿದಳು, ಚಳಿಗೆ ಒಳಗೆ ಬನಿಯನ್ ಹಾಕಿದ್ದೀಯಾ ಎಂದು ಕೇಳಿದಳು. ಕೊನೆಗೆ, ಏನು ಕಲೀತಾ ಇದ್ದಾಳೆ ನನ್ನ ಮಗಳು ಎಂದು ಕೇಳಿದಳು. ನಾನು ಒಂಬತ್ತು ವಿಷಯ ಹೇಳಿದೆ. ಫೋನ್ ಇಟ್ಟ ಮೇಲೆ ಯೋಚಿಸಿದೆ, ಅದರಲ್ಲಿ ಒಂದೂ ತರಗತಿಯದಲ್ಲ.

ಚೇರಿನ್ ಇವತ್ತು ಹಾನ್ ನದಿಯ ದಂಡೆಯಲ್ಲಿ ಸೈಕಲ್ ಹೊಡೆದಳಂತೆ. ಹದಿನಾಲ್ಕು ಫೋಟೊ. ಕೂತಲ್ಲಿ ಕೂರಲಾಗದೆ ಎರಡು ಸಲ ಸುಮ್ಮನೆ ಹಾಸ್ಟೆಲಿನ ಮೆಟ್ಟಿಲು ಹತ್ತಿ ಇಳಿದೆ.

ಮಾರ್ಚ್ 18, ಶನಿವಾರ

ಬೆಳಿಗ್ಗೆ ಏಳಕ್ಕೆ ಬೆಂಕಿಯ ಗಂಟೆ ಹೊಡೆದುಕೊಂಡಿತು. ನಮ್ಮ ಮಹಡಿಯಲ್ಲೇ ಯಾರೋ ಬ್ರೆಡ್ ಸುಟ್ಟಿದ್ದರು, ಅಷ್ಟೇ. ಆದರೆ ಅದು ಆಗ ಗೊತ್ತಿರಲಿಲ್ಲ. ಎಲ್ಲರ ಜೊತೆ ನಾನೂ ರಾತ್ರಿ ಉಡುಪಿನಲ್ಲೇ ಅಂಗಳಕ್ಕೆ ಓಡಿದೆ. ಚಳಿಗೆ ಹಲ್ಲು ಕಟಕಟ. ವಾರ್ಡನ್ ಕೋಣೆಯ ನಂಬರ್ ಕೂಗುತ್ತ ಬಂದರು. 312 ಎಂದಾಗ ‘ಇಬ್ಬರೂ ಇದ್ದೀವಿ’ ಎಂದು ಹೇಳಿ ಪಕ್ಕಕ್ಕೆ ತಿರುಗಿದರೆ ಹೇವೊನ್ ಅಕ್ಕ ಇಲ್ಲ.

ವಾರ್ಡನ್ ಬೇಡವೆಂದು ಕೂಗುತ್ತಿದ್ದರೂ ಮೇಲೆ ಓಡಿದೆ. ಕಾರಿಡಾರಿನಲ್ಲಿ ಸೀದ ವಾಸನೆ. ನಮ್ಮ ಕೋಣೆಯ ಬಾಗಿಲ ಮೇಲೇ ಇರುವ ಗಂಟೆ ತಲೆ ಒಡೆಯುವ ಹಾಗೆ ಅರಚುತ್ತಿದೆ, ಅವರು ಗೋಡೆಯ ಕಡೆ ಮುಖ ಮಾಡಿ ಹಾಯಾಗಿ ಮಲಗಿದ್ದಾರೆ. ಭುಜ ಹಿಡಿದು ಅಲುಗಾಡಿಸಿದೆ. ಕಣ್ಣು ಬಿಟ್ಟು ಮೊದಲು ನನ್ನ ಮುಖ ನೋಡಿದರು, ಆಮೇಲೆ ನನ್ನ ಬಾಯಿ ನೋಡಿದರು, ಆಮೇಲೆ ಕೈ ಕಿವಿಗೆ ಹೋಯಿತು.

ಕೆಳಗೆ ಒಂದೇ ಕಂಬಳಿಯಲ್ಲಿ ಇಬ್ಬರೂ ಕೂತಾಗ ಹೇಳಿದಳು. ಅವಳು ಎಂದೇ ಬರೆಯುತ್ತೇನೆ. ಇವತ್ತಿನಿಂದ ‘ನೀನು’ ಎಂದು ಮಾತಾಡುತ್ತಿದ್ದೇವೆ.

“ಬಲಗಿವಿ ಹೈಸ್ಕೂಲಲ್ಲೇ ಹೋಯ್ತು. ಎಡಗಡೇದು ಅರ್ಧ ಇದೆ, ಅದೂ ಮಷೀನ್ ಹಾಕ್ಕೊಂಡ್ರೆ. ಇನ್ನು ಮೂರೋ ನಾಲ್ಕೋ ವರ್ಷ ಅಂದಿದ್ದಾರೆ ಡಾಕ್ಟ್ರು. ಅದಕ್ಕೇ ಬೇಕರಿ ಬಿಟ್ಟು ಬಂದೆ. ಕೇಳಿಸೋವಾಗ್ಲೇ ಒಬ್ರು ಪಾಠ ಮಾಡೋದನ್ನ ಕೂತ್ಕೊಂಡು ಕೇಳ್ಬೇಕು ಅಂತ ಆಸೆ.”

“ಹಂಗಾದ್ರೆ ಇಷ್ಟು ದಿನ ನಾನು ರೂಮಲ್ಲಿ ಹೇಳಿದ್ದೆಲ್ಲ?”

“ರೂಮಿಗೆ ಬಂದ ತಕ್ಷಣ ತೆಗೆದು ಡಬ್ಬೀಲಿ ಇಡ್ತೀನಿ. ಹೊರಗಿಂದ ಬಂದು ಶೂ ಬಿಚ್ಚಿದ ಹಾಗೆ. ನಿನ್ನ ಬಾಯಿ ಆಡ್ತಾ ಇರೋದು ಕಾಣ್ತಿತ್ತು. ಅಷ್ಟೊಂದು ಏನು ಹೇಳ್ತಿದ್ದೆ?”

ಎಷ್ಟು ಯೋಚಿಸಿದರೂ ಒಂದೂ ನೆನಪಿಗೆ ಬರಲಿಲ್ಲ.

ಯಾರಿಗೂ ಹೇಳಬೇಡ ಎಂದಳು. ಯಾಕೆ ಎಂದು ಕೇಳಿದೆ. “ಗೊತ್ತಾದ್ಮೇಲೆ ನನ್ನ ಹತ್ರ ಮಾತಾಡಲ್ಲ ಯಾರೂ. ನನ್ನ ಕಿವಿ ಹತ್ರ ಮಾತಾಡ್ತಾರೆ.”

ಹೇಳುವುದಿಲ್ಲ ಎಂದೆ.

ಮಾರ್ಚ್ 20, ಸೋಮವಾರ

ಕಿವಿಯ ಬಗ್ಗೆ ಗ್ರಂಥಾಲಯದಲ್ಲಿ ಒಂಬತ್ತು ಪುಸ್ತಕಗಳಿವೆ, ಆರು ತಂದೆ. ಎರಡು ದಿನದಲ್ಲಿ ನನಗೆ ಎಷ್ಟು ಗೊತ್ತಾಗಿದೆ ಎಂದರೆ ನನಗೇ ಆಶ್ಚರ್ಯ. ನಿಜವಾಗಿ ಇಷ್ಟು ದಿನ ನಾನು ಹುಡುಕುತ್ತಿದ್ದುದು ಇಂಥದ್ದನ್ನೇ ಇರಬೇಕು, ಒಬ್ಬರಿಗೆ ಉಪಯೋಗವಾಗುವಂಥದ್ದು. ಬ್ಯಾಡ್ಮಿಂಟನ್ ಬಿಟ್ಟೆ.

ಸನ್ನೆ ಭಾಷೆಯ ಪುಸ್ತಕವನ್ನೂ ತಂದು ‘ಶುಭೋದಯ’ ಮತ್ತು ‘ಅನ್ನ’ ಕಲಿತು ಹೇವೊನ್ ಅಕ್ಕನ ಮುಂದೆ ಮಾಡಿ ತೋರಿಸಿದೆ. ಅವಳು ಅದನ್ನು ನೋಡಿ, “ನಂಗೆ ಸನ್ನೆ ಭಾಷೆ ಬರಲ್ಲ ಬೊರಾಮ್, ನಾನು ಬಾಯಲ್ಲೇ ಮಾತಾಡೋಳು. ಅದೇನು, ಸೊಳ್ಳೆ ಹೊಡಿತಾ ಇದ್ದೀಯಾ?” ಎಂದಳು.

ನನಗೆ ಬೇಸರವಾಗಲಿಲ್ಲ. ಸಹಾಯ ಮಾಡುವವರಿಗೆ ತಾಳ್ಮೆ ಬೇಕು ಎಂದು ಪುಸ್ತಕದಲ್ಲಿದೆ.

ಮಾರ್ಚ್ 22, ಬುಧವಾರ

ಬಹಳ ಒಳ್ಳೆಯ ದಿನ.

ವಿದ್ಯಾರ್ಥಿ ಸಹಾಯ ಕಚೇರಿಗೆ ಹೋಗಿದ್ದೆ. ಕಿವಿ ಕೇಳಿಸದವರಿಗೆ ಎಷ್ಟೊಂದು ಸೌಲಭ್ಯ! ಪಕ್ಕದಲ್ಲಿ ಕೂತು ಪಾಠ ಟೈಪ್ ಮಾಡಿಕೊಡುವವರೂ ಸಿಗುತ್ತಾರೆ. ಹೇವೊನ್ ಅಕ್ಕನ ಹೆಸರಿನಲ್ಲಿ ಅರ್ಜಿ ತುಂಬಿದೆ. ಗಾಜಿನ ಹಿಂದೆ ಕೂತಿದ್ದ ಹೆಂಗಸು, ಸಹಿ ಅವರೇ ಮಾಡಬೇಕಲ್ಲ, ಅವರು ಎಲ್ಲಿ ಎಂದು ಕೇಳಿದರು. ಬರುತ್ತಾರೆ ಎಂದೆ.

ಹೊರಗೆ ನಮ್ಮ ತರಗತಿಯ ಪ್ರತಿನಿಧಿ ತೇಗ್ಯು ಸಿಕ್ಕಿದ. ಒಳ್ಳೆಯ ಹುಡುಗ, ಯಾರ ಕೊಡೆ ಕಳೆದರೂ ತಾನೇ ಹುಡುಕಲು ಹೊರಡುವವನು. ಇವನಿಗೊಬ್ಬನಿಗೆ ಹೇಳಿದರೆ ಮೊದಲ ಬೆಂಚಿನ ನಡುವಿನ ಜಾಗ ಅಕ್ಕನಿಗೇ ಇರುವಂತೆ ನೋಡಿಕೊಳ್ಳುತ್ತಾನೆ ಎಂದು ಹೇಳಿದೆ. ಅವನ ಕಣ್ಣಲ್ಲಿ ನೀರು ಬಂತು. ನಾವೆಲ್ಲ ಸೇರಿ ಏನಾದರೂ ಮಾಡೋಣ ಎಂದ. ನನಗೂ ಕಣ್ಣು ತುಂಬಿತು. ಇವತ್ತು ಮೊದಲ ಸಲ ಚೇರಿನ್‌ನ ಫೋಟೊಗಳನ್ನು ತೆರೆದು ನೋಡುವುದೇ ಮರೆತುಹೋಗಿತ್ತು.

ಮಾರ್ಚ್ 23, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಊಟದ ಮನೆಯಲ್ಲಿ ಇಬ್ಬರೂ ಎದುರು ಬದುರು ಕೂತು ಸೋಯಾ ಸಾರು ಅನ್ನ ತಿನ್ನುತ್ತಿದ್ದೆವು. ಇಬ್ಬರ ಮೊಬೈಲೂ ಒಟ್ಟಿಗೇ ಮಿಣುಕಿದವು. ತರಗತಿಯ ಗುಂಪಿಗೆ, ನಲವತ್ತೊಂದು ಜನಕ್ಕೂ, ತೇಗ್ಯು ಬರೆದಿದ್ದ: ಹೇವೊನ್ ಅಕ್ಕನಿಗೆ ಕಿವಿ ಕೇಳಿಸುವುದು ಕಡಿಮೆ ಎಂದು ಇಷ್ಟು ದಿನ ನಮಗೆ ಗೊತ್ತಿರಲಿಲ್ಲ, ಇನ್ನು ಮೇಲೆ ಎಲ್ಲರೂ ಅವರ ಎದುರಿಗೆ ಬಂದು ನಿಧಾನವಾಗಿ, ಜೋರಾಗಿ ಮಾತಾಡಬೇಕು. ಕೊನೆಯಲ್ಲಿ ಒಂದು ಹೂವಿನ ಚಿತ್ರ.

ಅವಳು ಅದನ್ನು ಓದಿದಳು. ಮೊಬೈಲನ್ನು ಮಗುಚಿ ಇಟ್ಟಳು. ಬಟ್ಟಲಲ್ಲಿ ಉಳಿದಿದ್ದ ಅನ್ನವನ್ನು ಒಂದು ಅಗುಳೂ ಬಿಡದೆ ತಿಂದು ಎದ್ದು ಹೋದಳು.

ಮಧ್ಯಾಹ್ನ ತರಗತಿಗೆ ಬಂದಳು. ಬರುವುದಿಲ್ಲ ಎಂದುಕೊಂಡಿದ್ದೆ. ಮೊದಲ ಬೆಂಚಿಗೆ ಗುಲಾಬಿ ಕಾಗದ ಅಂಟಿಸಿತ್ತು, ‘ಹೇವೊನ್ ಅಕ್ಕನಿಗೆ ಮೀಸಲು’. ಇಷ್ಟು ದಿನ ಅವಳ ಕಡೆ ನೋಡದಿದ್ದವರೆಲ್ಲ ಒಬ್ಬೊಬ್ಬರಾಗಿ ಮುಖದ ಹತ್ತಿರ ಬಂದು ಬಾಯಿ ಅಗಲಿಸಿ, ಮಗುವಿಗೆ ಹೇಳುವ ಹಾಗೆ, “ಊ…ಟ… ಆ…ಯ್ತಾ…” ಎಂದು ಕೇಳಿದರು. ಮೆಂಗ್ ಸರ್‌ಗೂ ಯಾರೋ ಹೇಳಿದ್ದರು. ಎಂದೂ ಮುಟ್ಟದ ಮೈಕನ್ನು ಬಾಯಿಗೆ ಹಿಡಿದು ಕಿರುಚಿದರು. ಸ್ಪೀಕರ್ ಕುಯ್ಯೆಂದಾಗ ಅವಳು ಎಡಗಿವಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಬಗ್ಗಿದಳು. ಜೋರು ಸದ್ದು ಆ ಮಷೀನಿನಲ್ಲಿ ಇನ್ನೂ ಜೋರಾಗುತ್ತದೆ. ಆರು ಪುಸ್ತಕ ತಂದ ನನಗೆ ಅದು ಗೊತ್ತಿತ್ತು.

ಮುಗಿದ ಮೇಲೆ ಮೆಟ್ಟಿಲ ಬಳಿ ಹಿಡಿದೆ. ನಾನು ಒಳ್ಳೆಯದಕ್ಕೇ ಮಾಡಿದ್ದು ಎಂದೆ. ತೇಗ್ಯುವಿಗೆ ಒಬ್ಬನಿಗೇ ಹೇಳಿದ್ದು ಎಂದೆ. ಇನ್ನೂ ಏನೇನೋ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಒಂದು ಮಾತೂ ತಪ್ಪಿಹೋಗಬಾರದು ಎನ್ನುವ ಹಾಗೆ.

“ನಾನು ಹೇಳಿದ್ದು ನಿಮಗೊಬ್ಬರಿಗೆ,” ಎಂದಳು.

‘ನಿಮಗೆ’ ಎಂದಳು.

ಮಾರ್ಚ್ 24, ಶುಕ್ರವಾರ

ಹೋಗಿದ್ದಾಳೆ. ಮಂಚದ ಮೇಲೆ ಹಾಸಿಗೆ ಮಡಿಸಿಟ್ಟಿದೆ.

ಮಾರ್ಚ್ 26, ಭಾನುವಾರ

ನಿನ್ನೆ ಬೆಟ್ಟದವರ ಜೊತೆ ಹೊರಟು ಅರ್ಧ ದಾರಿಯಲ್ಲಿ ಇಳಿದು ಬಂದೆ. ಇವತ್ತು ಕೋಣೆ ಗುಡಿಸಿದೆ, ಒರೆಸಿದೆ, ಮತ್ತೆ ಗುಡಿಸಿದೆ. ಚದುರಂಗದವರ ಹತ್ತಿರ ಹೋದೆ. ಎದುರಿನವನು ಒಂದು ಕಾಯಿ ಸರಿಸಲು ಹತ್ತು ನಿಮಿಷ ತೆಗೆದುಕೊಂಡ, ಎದ್ದು ಬಂದೆ. ಕ್ಷಮೆ ಕೇಳಿ ಅವಳಿಗೆ ಹನ್ನೆರಡು ಸಂದೇಶ ಬರೆದೆ, ಹನ್ನೆರಡನ್ನೂ ಅಳಿಸಿದೆ. ಓದಿ ನೋಡಿದರೆ ಎಲ್ಲದರಲ್ಲೂ ನಾನು, ನಾನು, ನಾನು.

ವಾರ್ಡನ್ ಹೇಳಿದರು, ವೊನ್ಜುವಿಗೆ ಹೋಗುತ್ತೇನೆ ಎಂದು ಬರೆದುಕೊಟ್ಟು ಹೋಗಿದ್ದಾಳಂತೆ. ವಾಪಸ್ ಬರುವ ದಿನದ ಜಾಗ ಖಾಲಿ ಬಿಟ್ಟಿದ್ದಾಳೆ. ತೇಗ್ಯು ಅಳುವ ಮುಖ ಮಾಡಿಕೊಂಡು ಬಂದಿದ್ದ. ಆರು ತರಗತಿ ತಪ್ಪಿದರೆ ಆ ವಿಷಯದಲ್ಲಿ ಫೇಲಂತೆ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಮಾಡಿದ್ದು ನಾನು ಮಾಡಿದ್ದನ್ನೇ.

ಮಾರ್ಚ್ 27, ಸೋಮವಾರ

ಮೊದಲ ಬೆಂಚು ಖಾಲಿ ಇತ್ತು. ಗುಲಾಬಿ ಕಾಗದವನ್ನು ಉಗುರಿನಿಂದ ಕೆರೆದು ತೆಗೆದು ಅಲ್ಲಿ ಕೂತೆ. ಯಾಕೆಂದು ಗೊತ್ತಿಲ್ಲ. ಕೊನೆಯ ಸಾಲಿನಲ್ಲಿ ಎಲ್ಲರ ಬೆನ್ನು ನೋಡುತ್ತ ಕೂರಲು ಆಗಲಿಲ್ಲ.

ಲ್ಯಾಪ್‌ಟಾಪ್ ತೆರೆದು ಮೆಂಗ್ ಸರ್ ಹೇಳಿದ್ದನ್ನೆಲ್ಲ ಟೈಪ್ ಮಾಡಿದೆ. ನನಗೆ ಬರುವ ವಿದ್ಯೆ ಅದೊಂದೇ. ಹಾಡುಗಾರರ ಅಭಿಮಾನಿ ಬಳಗಗಳಲ್ಲಿ ನಾಲ್ಕು ವರ್ಷ ಜಗಳವಾಡಿ ಬೆರಳು ಪಳಗಿವೆ, ನಿಮಿಷಕ್ಕೆ ಏಳುನೂರು ಅಕ್ಷರ ಹೊಡೆಯುತ್ತೇನೆ. ಮುಖ್ಯವಾದದ್ದು ಯಾವುದು, ಅಲ್ಲದ್ದು ಯಾವುದು ಎಂದು ನನಗೆ ತಿಳಿಯದ ಕಾರಣ ಎಲ್ಲವನ್ನೂ ಬರೆದೆ. ಅವರು ಕೆಮ್ಮಿದ್ದು, ಸೀಮೆಸುಣ್ಣ ಮುರಿದದ್ದು, ಹಿಂದಿನಿಂದ ಯಾರೋ ಕೇಳಿದ ಪ್ರಶ್ನೆ, ಕಿಟಕಿಯ ಹೊರಗೆ ಹೋದ ಬೈಕು. ಮುಗಿದಾಗ ಹತ್ತೊಂಬತ್ತು ಪುಟ. ಇಷ್ಟು ಹೊತ್ತು ಒಂದೇ ಕಡೆ ಕೂತಿದ್ದೆ ಎಂದು ಎದ್ದಾಗ ಕಾಲು ಜೋಮು ಹಿಡಿದ ಮೇಲೆ ಗೊತ್ತಾಯಿತು.

ಹೇವೊನ್ ಅಕ್ಕನಿಗೆ ಕಳಿಸಿದೆ. ಮೇಲೆ ತಾರೀಖು ಬಿಟ್ಟು ಬೇರೇನೂ ಬರೆಯಲಿಲ್ಲ.

ಮಾರ್ಚ್ 30, ಗುರುವಾರ

ಇಪ್ಪತ್ತೆರಡು ಪುಟ. ಕಳಿಸಿದೆ. ಉತ್ತರ ಇಲ್ಲ.

ತರಗತಿಗೆ ಮೊದಲು ಮೆಂಗ್ ಸರ್ ಹತ್ತಿರ ಹೋಗಿ ನಿಮ್ಮ ಮಾತುಗಳನ್ನು ಬರೆದುಕೊಳ್ಳಬಹುದೇ ಎಂದು ಕೇಳಿದ್ದೆ. ಕನ್ನಡಕದ ಮೇಲಿಂದ ನೋಡಿ, “ಬರ್ಕೊಳ್ಳಮ್ಮ. ಮೂವತ್ತು ವರ್ಷದಲ್ಲಿ ಇದನ್ನ ಕೇಳಿದೋಳು ನೀನೇ ಮೊದಲು,” ಎಂದರು.

ಏಪ್ರಿಲ್ 3, ಸೋಮವಾರ

ಇವತ್ತು ಮಾಡಿದ್ದು ಇನ್ನೊಂದು ಹುಚ್ಚು.

ಮೊದಲ ಸಲ ಕಳಿಸಿ ಒಂದು ವಾರವಾಯಿತು, ಉತ್ತರ ಇಲ್ಲ. ಬೆಳಿಗ್ಗೆ ಎದ್ದವಳೇ ಬಸ್ ನಿಲ್ದಾಣಕ್ಕೆ ಹೋಗಿ ವೊನ್ಜುವಿಗೆ ಒಂದೂವರೆಯ ಟಿಕೆಟ್ ತೆಗೆದುಕೊಂಡೆ. ಆ ಊರಲ್ಲಿ ಬೇಕರಿಗಳು ಎಷ್ಟಿದ್ದಾವು, ಒಂದೊಂದನ್ನೇ ಹುಡುಕಿದರಾಯಿತು, ಸಿಕ್ಕ ಕೂಡಲೇ ಎಲ್ಲರ ಮುಂದೆ ಮಂಡಿಯೂರಿ ಕ್ಷಮೆ ಕೇಳಿಬಿಡಬೇಕು ಎಂದು ಇಡೀ ದೃಶ್ಯವನ್ನು ಮನಸ್ಸಿನಲ್ಲಿ ಎರಡು ಸಲ ಆಡಿಸಿದೆ. ಎರಡನೇ ಸಲ ಅವಳ ಮುಖ ಕಾಣಿಸಿತು. ಕೈತುಂಬ ಹಿಟ್ಟು ಮೆತ್ತಿಕೊಂಡು, ಅಂಗಡಿಯವರೆಲ್ಲ ತಿರುಗಿ ನೋಡುತ್ತಿರುವಾಗ.

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದೆ. ಗಡಿಯಾರ ನೋಡಿದೆ. ಎರಡು ಗಂಟೆಗೆ ಮೆಂಗ್ ಸರ್ ತರಗತಿ. ನಾನು ಹೋದರೆ ಇವತ್ತಿನದನ್ನು ಬರೆಯುವವರು ಯಾರೂ ಇಲ್ಲ. ಇಳಿದೆ. ಹಿಂದಿದ್ದ ಅಜ್ಜ, ಹತ್ತೋದಾದ್ರೆ ಹತ್ತು, ಇಳಿಯೋದಾದ್ರೆ ಇಳಿ ಮಗಳೇ, ಎಂದು ಗದರಿದರು. ಎಂಟು ನಿಮಿಷ ತಡವಾಗಿ ತರಗತಿ ಸೇರಿದೆ. ಮೊದಲ ಪುಟದ ಮೇಲೆ ‘ಆರಂಭದ ಎಂಟು ನಿಮಿಷ ಇಲ್ಲ, ತಪ್ಪು ನನ್ನದು’ ಎಂದು ಬರೆದು ಕಳಿಸಿದೆ.

ಏಪ್ರಿಲ್ 4, ಮಂಗಳವಾರ

ಉತ್ತರ ಬಂದಿದೆ. ಬೆಳಿಗ್ಗೆ ಆರಕ್ಕೆ ಬಂದದ್ದು. ಬೇಕರಿಯಲ್ಲಿ ಮೊದಲ ಒಲೆ ತುಂಬಿಸಿದ ಮೇಲೆ ಬರೆದಿರಬೇಕು.

“ಮೆಂಗ್ ಸರ್ ನಿಜವಾಗ್ಲೂ ಅಷ್ಟು ಸಲ ‘ಅಂದರೆ’ ಅಂತಾರಾ?”

ಎಣಿಸಿ ನೋಡಿದೆ. ನಿನ್ನೆ ಒಂದೇ ದಿನ ನೂರಾ ಆರು ಸಲ. ಹೌದು ಎಂದು ಬರೆದೆ, ಸಂಖ್ಯೆಯನ್ನೂ ಬರೆದೆ. ಇನ್ನೂ ಬರೆಯಬೇಕೆಂದು ಬೆರಳು ತುಡಿಯಿತು. ಮೊಬೈಲನ್ನು ದಿಂಬಿನ ಕೆಳಗಿಟ್ಟು ಅದರ ಮೇಲೆ ಕೂತೆ.

ಮಧ್ಯಾಹ್ನ ಮತ್ತೊಂದು: “ಮೂರು ವಾರ ಮೊದಲ ಬೆಂಚಲ್ಲಿ ಕೂತಿದ್ದೆ. ಅವರ ಬಾಯಲ್ಲಿ ಆ ಪದ ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಹಿಂದಿನ ಸಾಲಿನೋರು ಏನೇನು ಪ್ರಶ್ನೆ ಕೇಳ್ತಾರೆ ಅಂತಾನೂ. ಕೆಮ್ಮೋದು ಬರೀಬೇಡ ನೀನು, ಅದು ಕಾಣ್ಸತ್ತೆ.”

‘ನೀನು’ ಎಂದಿದ್ದಾಳೆ. ಹತ್ತು ಸಲ ಓದಿದೆ.

ಏಪ್ರಿಲ್ 6, ಗುರುವಾರ

ಇಪ್ಪತ್ತನಾಲ್ಕು ಪುಟ, ಕೆಮ್ಮು ಇಲ್ಲ. ಹಿಂದಿನ ಸಾಲಿನಿಂದ ಒಬ್ಬ ಕೇಳಿದ್ದು ನನಗೂ ಸರಿಯಾಗಿ ಕೇಳಿಸಲಿಲ್ಲ. ಎದ್ದು ನಿಂತು, ಇನ್ನೊಮ್ಮೆ ಹೇಳಿ ಎಂದೆ. ಹೇಳಿದ. ಒಳ್ಳೆಯ ಪ್ರಶ್ನೆ, ಸೋತವರು ಏನನ್ನೂ ಬರೆದಿಡದಿದ್ದರೆ ಅವರ ಕಥೆ ನಮಗೆ ಎಲ್ಲಿಂದ ಸಿಗುತ್ತದೆ ಎಂದು. ಮೆಂಗ್ ಸರ್ ಅರ್ಧ ಗಂಟೆ ಅದಕ್ಕೇ ಉತ್ತರ ಹೇಳಿದರು, ಕರಿಹಲಗೆ ಬಿಟ್ಟು ನಮ್ಮ ಕಡೆ ತಿರುಗಿ. ಸಾಯಂಕಾಲ ಅಕ್ಕ ಅದರ ಮೇಲೆ ಎಂಟು ಸಾಲು ವಾದ ಬರೆದಿದ್ದಳು. ನಾನು ಒಪ್ಪಲಿಲ್ಲ. ಊಟದ ಹೊತ್ತಿನವರೆಗೂ ಜಗಳ.

ರೇಡಿಯೊದವರು ನನ್ನ ಹೆಸರು ತೆಗೆದುಹಾಕಿದ್ದಾರಂತೆ. ಚೇರಿನ್ ಫೋನ್ ಮಾಡಿ, ಜೂನ್ ತಿಂಗಳ ಮಾದರಿ ಪರೀಕ್ಷೆಗೆ ಹೆಸರು ಕೊಟ್ಟೆಯಾ, ನಮ್ಮ ಹಳೆಯ ಶಾಲೆಗೇ ಹೋಗಿ ಕೊಡಬೇಕು, ನಾಳೆಯೇ ಕೊನೆಯ ದಿನವಂತೆ ಎಂದು ನೆನಪಿಸಿದಳು. ನಾಳೆ ಹತ್ತಕ್ಕೆ ಬೇರೆ ತರಗತಿ ಇದೆ, ಅಕ್ಕ ಅದನ್ನೂ ಕೇಳಿದ್ದಾಳೆ. ನೋಡೋಣ ಎಂದೆ.

ಏಪ್ರಿಲ್ 9, ಭಾನುವಾರ

ಬಂದಳು. ಬೆಳಿಗ್ಗೆ ಹನ್ನೊಂದಕ್ಕೆ, ಬೆನ್ನಿಗೆ ಚೀಲ, ಕೈಯಲ್ಲಿ ಕೆಂಪು ಕಾಳಿನ ಸಿಹಿ ಹೂರಣದ ಬನ್ನುಗಳ ಡಬ್ಬ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

“ಏನು, ಬಾಯಿ ಬಿದ್ದು ಹೋಯ್ತಾ?” ಎಂದಳು.

ಇ‍ಬ್ಬರೂ ನೆಲದ ಮೇಲೆ ಕೂತು ಬನ್ನು ತಿಂದೆವು. ಕಿವಿಯ ಮಷೀನನ್ನು ತೆಗೆದು ಡಬ್ಬಿಗೆ ಹಾಕಲಿಲ್ಲ ಅವಳು. ನಾನು ಕ್ಷಮೆ ಕೇಳಿದೆ. ಒಂದೇ ವಾಕ್ಯದಲ್ಲಿ ಮುಗಿಯಿತು. ಅವಳು ಅಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

“ನಿನ್ನ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ,” ಎಂದಳು. “ಹೋಗತ್ತೆ. ಆದ್ರೆ ಒಂದು ಮಾತು. ನೀನು ಬರ್ದಿದ್ದನ್ನ ಓದ್ತಾ ಗೊತ್ತಾಯ್ತು, ನಾನು ಕ್ಲಾಸಲ್ಲಿ ಕೂತು ಕೇಳ್ತಾ ಇದ್ದೀನಿ ಅಂದ್ಕೊಂಡಿದ್ದೆನಲ್ಲ, ಅರ್ಧಕ್ಕರ್ಧ ಊಹೆ. ಬಿಡೋದಾ, ಕಲಿಯೋದಾ ಅಂತ ವೊನ್ಜುವಲ್ಲಿ ಕೂತು ಯೋಚ್ನೆ ಮಾಡ್ದೆ. ಮಾಲೀಕರು ಕೆಲಸ ಕೊಡ್ತೀನಿ ಅಂದ್ರು. ಹಿಟ್ಟು ನಾದೋಕೆ ಕಿವಿ ಬೇಡ, ಯಾವತ್ತು ಬಂದ್ರೂ ನಾದ್ಬಹುದು ಅಂತ ಹೇಳಿ ಬಂದೆ.”

ಸಹಾಯ ಕಚೇರಿಯಲ್ಲಿ ನಾನು ತುಂಬಿಟ್ಟು ಬಂದ ಅರ್ಜಿಯ ವಿಷಯವನ್ನೂ ಹೇಳಿದೆ. ಅದಕ್ಕೆ ನಾಳೆ ತಾನೇ ಹೋಗಿ ಸಹಿ ಹಾಕುತ್ತಾಳಂತೆ. ಟೈಪ್ ಮಾಡಲು ಬೇರೆ ಯಾರನ್ನಾದರೂ ಕೊಡುತ್ತಾರಂತೆ, ಬೇಕಾದರೆ ಹೆಸರು ನಾವೇ ಹೇಳಬಹುದಂತೆ. ನಾನು ಸುಮ್ಮನಿದ್ದೆ. ತುಂಬ ಕಷ್ಟವಾಯಿತು.

“ನಿನ್ನ ಹೆಸರು ಹೇಳ್ಲಾ?” ಎಂದು ಅವಳೇ ಕೇಳಿದಳು. “ಡಿಸೆಂಬರ್ ತನಕ ಇರ್ಬೇಕಾಗತ್ತೆ ಆಮೇಲೆ. ಅರ್ಧಕ್ಕೆ ಬಿಟ್ಟು ಹೋಗೋ ಹಾಗಿದ್ರೆ ಈಗ್ಲೇ ಹೇಳು.”

ಇರುತ್ತೇನೆ ಎಂದೆ. ಬನ್ನು ಇನ್ನೊಂದು ಇದೆಯೇ ಎಂದು ಕೇಳಿದೆ.

ಏಪ್ರಿಲ್ 10, ಸೋಮವಾರ

ಮೆಂಗ್ ಸರ್ ಬರುವ ಮೊದಲೇ ಹೇವೊನ್ ಅಕ್ಕ ಮೊದಲ ಬೆಂಚಿನಿಂದ ಎದ್ದು ಎಲ್ಲರ ಕಡೆ ತಿರುಗಿ ನಿಂತಳು. ಕೈ ಹಿಂದೆ ಕಟ್ಟಿಕೊಂಡಿದ್ದಳು. ತನಗೆ ಎಡಗಡೆ ಅರ್ಧ ಕೇಳಿಸುತ್ತದೆ, ಬಲಗಡೆ ಏನೂ ಇಲ್ಲ ಎಂದಳು. ಕೂಗಬೇಡಿ, ನೋವಾಗುತ್ತದೆ; ಬಾಯಿ ಅಗಲಿಸಬೇಡಿ, ಆಗ ತುಟಿ ಓದಲು ಬರುವುದಿಲ್ಲ; ಮಾಮೂಲಿಯಾಗಿ, ಮುಖ ನೋಡಿ ಮಾತಾಡಿ ಎಂದಳು. ಮತ್ತೆ, “ಈ ಮಾತನ್ನ ನಾನೇ ಮೊದಲು ಹೇಳ್ಬೇಕಿತ್ತು. ಹೆದರಿಕೆ ಆಗ್ತಿತ್ತು. ಈಗ್ಲೂ ಆಗ್ತಾ ಇದೆ,” ಎಂದು ಕೂತುಬಿಟ್ಟಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಅದು ಒಳ್ಳೆಯದಾಯಿತು. ತೇಗ್ಯು ಎದ್ದು ಬಂದು ಅವಳ ಎದುರಿಗೆ ನಿಂತು ತಲೆ ಬಗ್ಗಿಸಿ ಏನೋ ಹೇಳಿದ. ತಲೆ ಬಗ್ಗಿಸಿದರೆ ತುಟಿ ಹೇಗೆ ಕಾಣಬೇಕು, ತಲೆ ಎತ್ತಿ ಹೇಳು ಎಂದು ಅವಳು ಬೈದಳು.

ಏಪ್ರಿಲ್ 13, ಗುರುವಾರ

ಬೆಳಿಗ್ಗೆ ಬೆಟ್ಟದವರು ಹೂಬಿಟ್ಟ ಚೆರ್ರಿ ಮರಗಳನ್ನು ನೋಡಲು ಹೊರಟು ಹೋದರು, ನನಗೆ ಅವರ ಬಸ್ ಹೋದ ಮೇಲೆ ನೆನಪಾಯಿತು. ಅಕ್ಕನ ಪಕ್ಕದಲ್ಲಿ ಕೂತು ಟೈಪ್ ಮಾಡುವುದಕ್ಕೆ ಮೊದಲ ಬೆಂಚು ಸಾಲದು, ಮೊಣಕೈ ತಾಗುತ್ತದೆ. ಪರದೆಯನ್ನು ಅವಳ ಕಡೆ ವಾರೆ ಮಾಡಿ ಇಟ್ಟಿರುತ್ತೇನೆ. ಅವಳು ಒಮ್ಮೆ ಸರ್ ಮುಖ, ಒಮ್ಮೆ ಪರದೆ ನೋಡುತ್ತಾಳೆ.

ಇವತ್ತು ಮೆಂಗ್ ಸರ್ ಹಳೆಯ ಕಾಲದ ಆಸ್ಥಾನದಲ್ಲಿ ರಾಜ ಆಡಿದ್ದು ಮಾಡಿದ್ದನ್ನೆಲ್ಲ ಬರೆದಿಡಲು ನೇಮಿಸುತ್ತಿದ್ದ ಬರಹಗಾರರ ವಿಷಯ ಹೇಳುತ್ತಿದ್ದರು. ಒಬ್ಬ ರಾಜ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದನಂತೆ. ಎದ್ದವನು ಮೈ ನೋವು ಕೂಡ ನೋಡಿಕೊಳ್ಳದೆ ಅತ್ತ ಇತ್ತ ನೋಡಿ, ಇದನ್ನು ಆ ಬರೆಯುವವನಿಗೆ ಯಾರೂ ಹೇಳಬೇಡಿ ಎಂದನಂತೆ. “ಅಂದರೆ, ಅವನು ಹಾಗಂದ ಅಂತ ನಮಗೆ ಹೇಗೆ ಗೊತ್ತು?” ಎಂದು ಸರ್ ಸೀಮೆಸುಣ್ಣ ಕೆಳಗಿಟ್ಟು ಕೇಳಿದರು. “ಅಂದರೆ, ಆ ಮಹಾರಾಯ ಅದನ್ನೂ ಬರೆದಿಟ್ಟ.”

ತರಗತಿ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ, ಕೈ ಬಿಡುವಿರಲಿಲ್ಲ. ಹೇವೊನ್ ಅಕ್ಕ ಪರದೆ ನೋಡುತ್ತಿದ್ದಳು. ನಗು ಅಡಗಿತು. ಎಲ್ಲರೂ ಪುಸ್ತಕಕ್ಕೆ ತಲೆ ತಗ್ಗಿಸಿದ ಮೇಲೆ, ಆ ಸದ್ದಿಲ್ಲದ ಕೋಣೆಯಲ್ಲಿ, ಅವಳೊಬ್ಬಳೇ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯದೆ, ಬೆಂಚು ಅಲುಗಾಡುವ ಹಾಗೆ. ಹಿಂದಿನ ಸಾಲಿನವರೆಲ್ಲ ತಲೆ ಎತ್ತಿ ನೋಡಿದರು. ಅವಳು ನಿಲ್ಲಿಸಲಿಲ್ಲ.

ಆಮೇಲೆ ಹೊರಗೆ ಬರುವಾಗ ಹೇಳಿದಳು, “ಆರು ವರ್ಷದಿಂದ ಎಲ್ರೂ ನಕ್ಕಾಗ ನಗ್ತಾ ಇದ್ದೆ ಬೊರಾಮ್. ಯಾಕೆ ಅಂತ ಗೊತ್ತಿಲ್ದೆ.”

ತರಗತಿಯಲ್ಲಿ ಅವಳು ನಗುವ ಹೊತ್ತಿಗೆ ನಾನು ಪರದೆಯ ಮೇಲೆ ‘ಎಲ್ಲರೂ ನಕ್ಕರು’ ಎಂದು ಹೊಡೆದು ಆಗಿತ್ತು. ಅದರ ಕೆಳಗೆ ‘ಹೇವೊನ್ ಅಕ್ಕ ನಕ್ಕಳು’ ಎಂದು ಸೇರಿಸಿದೆ. ಅಷ್ಟರಲ್ಲಿ ಮೆಂಗ್ ಸರ್ ಮುಂದಿನ ಮಾತು ಶುರು ಮಾಡಿದ್ದರು.